ಅಡ್ಡಗೋಡೆ ಮೇಲಿಟ್ಟ ಟ್ಯಾಬು

ನಮ್ಮ ಲೈನಿನಲ್ಲಿ ಯಾರಾದರೂ ಟ್ಯಾಬು ತಗೊಳ್ಳುವುದಿದ್ದರೆ ಈಗ ನನ್ನ ಹತ್ತಿರ ಕೇಳಲಿಕ್ಕೆ ಬರುತ್ತಾರೆ. ನಗಬೇಡಿ. ಮೊನ್ನೆ ಮೂಲೆಮನೆಯ ಗುಲಾಬಿ ಬಂದು, “ದ್ಯಾವಕ್ಕಾ, ಕಮ್ಮಿ ರೇಟಿಂದು ಸಾಕಾ, ಒಳ್ಳೇದೇ ಬೇಕಾ?” ಅಂತ ಕೇಳಿದಳು. “ಮೊದಲು ನಿನ್ನ ಮನೆ ಗೋಡೆ ಎಲ್ಲಿವರೆಗೆ ಇದೆ ನೋಡು” ಅಂದೆ. ಮುದುಕಿಗೆ ತಲೆ ನೆಟ್ಟಗಿಲ್ಲ ಅಂದುಕೊಂಡು ಎದ್ದು ಹೋದಳು. ಹೋಗಲಿ. ಅವಳಿಗೆ ಬೇಕಾದ್ದು ಧಾರಾವಾಹಿ ನೋಡಲಿಕ್ಕೆ. ಅದಕ್ಕೆ ಯಾವುದಾದರೂ ಆದೀತು.

ನನ್ನ ಟ್ಯಾಬು ಇರುವುದು ಅಡ್ಡಗೋಡೆ ಮೇಲೆ. ಅಂಗಡಿಯಲ್ಲಿ ಅದಕ್ಕೊಂದು ನೀಲಿ ಕವರು ಕೊಟ್ಟಿದ್ದರು, ಈಗ ಮಸಿ ಹಿಡಿದು ಬಾಣಲೆ ಬೆನ್ನಿನ ಬಣ್ಣ ಆಗಿದೆ. ಟ್ಯಾಬಿಗೂ ಗೋಡೆಗೂ ಎಂತ ಸಂಬಂಧ ಅಂತ ಕೇಳುವವರಿಗೆ ಮೊದಲು ಗೋಡೆ ವಿಷಯ ಹೇಳಿಬಿಡುತ್ತೇನೆ. ಟ್ಯಾಬಿನ ವಿಷಯ ಎಲ್ಲಿಗೂ ಓಡಿಹೋಗುವುದಿಲ್ಲ.

ಲೈನು ಅಂದರೆ ಕಾಫಿ ತೋಟದ ಆಳುಗಳಿಗೆ ಧಣಿಗಳು ಕಟ್ಟಿಸಿದ ಮನೆಸಾಲು. ಬಾಳೆಹೊನ್ನೂರಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆದರೆ ನಮ್ಮದು ಸಿಗುತ್ತದೆ. ಉದ್ದಕ್ಕೆ ಒಂದೇ ಹೆಂಚಿನ ಮಾಡು, ಅದರ ಅಡಿಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಎರಡು ಮನೆ ನಡುವೆ ಗೋಡೆ ಇದೆ, ಆದರೆ ಅದು ಮಾಡಿನವರೆಗೆ ಹೋಗುವುದಿಲ್ಲ. ಕೈ ಎತ್ತಿದರೆ ಬೆರಳಿಗೆ ತುದಿ ಸಿಗುತ್ತದೆ, ಅಲ್ಲಿಗೆ ನಿಂತುಬಿಟ್ಟಿದೆ. ಹೊಗೆ ಹೋಗಲಿ ಅಂತ ಹಾಗೆ ಬಿಟ್ಟದ್ದು ಅಂತ ಕೆಲವರು ಹೇಳುತ್ತಾರೆ. ಧಣಿಗಳಿಗೆ ಇಟ್ಟಿಗೆ ಮುಗಿಯಿತು ಅಂತ ಕೆಲವರು. ಇಟ್ಟಿಗೆ ಮುಗಿದಿರಲಾರದು, ಮನಸ್ಸು ಮುಗಿದಿರಬೇಕು.

ಆ ಗೋಡೆ ಆಚೆ ರುಕ್ಕಿ ಇದ್ದಳು. ನಾನು ಮದುವೆಯಾಗಿ ಈ ಮನೆಗೆ ಬರುವಾಗ ಅವಳು ಮೊದಲೇ ಬಂದು ಒಲೆ ಹಾಕಿಕೊಂಡಾಗಿತ್ತು. ಹುತ್ತದ ಮಣ್ಣು ತಂದು, ತುಳಿದು, ಕೈಯಲ್ಲೇ ತಿದ್ದಿ ಮಾಡಿದ ಒಲೆ. ಬಾಗಿಲ ಗಾಳಿ ಎದುರಿಂದ ಹೊಡೆಯಬಾರದು ಅಂತ ಅದರ ಬಾಯಿಯನ್ನು ಸ್ವಲ್ಪ ಓರೆ ಇಟ್ಟಿದ್ದಳಂತೆ. ಇಟ್ಟಿದ್ದಳಂತೆ ಅಂದೆ, ಯಾಕೆಂದರೆ ನಾನು ನೋಡಿದ್ದಲ್ಲ, ಅವಳು ಗೋಡೆ ಮೇಲಿಂದ ಹೇಳಿದ್ದು. ನಿನಗೂ ಒಂದು ಹಾಕಿಕೊಡುತ್ತೇನೆ ಅಂದಳು. ಬೇಡ, ನನಗೂ ಕೈಯಿದೆ ಅಂದೆ. ನನ್ನ ಒಲೆ ಇವತ್ತಿಗೂ ಹೊಗೆಯಾಡುತ್ತದೆ.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಅಂತ ಜನ ಬೈಯುತ್ತಾರಲ್ಲ, ಅತ್ತಲಾಗೂ ಇಲ್ಲ ಇತ್ತಲಾಗೂ ಇಲ್ಲ ಅನ್ನುವ ಮಾತಿಗೆ, ಅವರು ಯಾರೂ ಅಡ್ಡಗೋಡೆ ಮನೆಯಲ್ಲಿ ಬಾಳಿದವರಲ್ಲ. ನಾವು ನಿಜವಾಗಿ ಇಡುತ್ತಿದ್ದೆವು. ಲೈನಿಗೆ ಕರೆಂಟು ಬರುವ ಮೊದಲು ಒಂದು ವಾರ ಅವಳ ಚಿಮಣಿ ದೀಪ, ಒಂದು ವಾರ ನನ್ನದು. ಒಂದೇ ಸೀಮೆಎಣ್ಣೆಗೆ ಎರಡು ಮನೆಯ ಅಡುಗೆ. ಆ ಅರ್ಧ ಬೆಳಕಿನಲ್ಲಿ ಅಕ್ಕಿಯ ಕಲ್ಲು ಕಾಣುತ್ತಿರಲಿಲ್ಲ. ಹಾಗಂತ ಯಾರೂ ಸತ್ತದ್ದಿಲ್ಲ.

ಗೋಡೆಗೆ ಒಂದು ಮರ್ಯಾದೆ ಇತ್ತು. ಮಾತು ದಾಟಬಹುದು, ಉಪ್ಪು ದಾಟಬಹುದು, ಕಣ್ಣು ದಾಟಬಾರದು. ಸ್ಟೂಲು ಹಾಕಿ ಇಣುಕಿದವಳು ಅಂತ ಹೆಸರು ಬಂದರೆ ಮತ್ತೆ ಆ ಲೈನಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. ಇನ್ನೊಂದು, ಆಚೆ ಏನೇ ಸದ್ದಾಗಲಿ, ಹೆಸರು ಹಿಡಿದು ಕರೆದರೆ ಮಾತ್ರ ಕೇಳಿಸಿದ್ದು. ಕರೆಯದಿದ್ದರೆ ಕೇಳಿಸಿಲ್ಲ. ರುಕ್ಕಿಯ ಗಂಡ ಕುಡಿದು ಬಂದು ಪಾತ್ರೆ ಎಸೆದದ್ದು ನನಗೆ ಯಾವತ್ತೂ ಕೇಳಿಸಿಲ್ಲ. ನನ್ನ ಗಂಡ ನನ್ನ ತವರಿನವರನ್ನು ಹುಟ್ಟಿದಲ್ಲಿಂದ ಬೈದದ್ದು ಅವಳಿಗೂ ಕೇಳಿಸಿಲ್ಲ. ಮಾರನೆ ದಿನ ನಲ್ಲಿ ಹತ್ತಿರ ಸಿಕ್ಕರೆ “ಬಂದ್ಯಾ”, “ಬಂದೆ”. ಅಷ್ಟೆ.

ಕೆಲಸದಲ್ಲೂ ನಾವು ಬೇರೆ ಬೇರೆ. ಅವಳು ಗಿಡದ ಬೇಡದ ರೆಂಬೆ ಕತ್ತರಿಸಿ ಕಸಿ ಮಾಡುವ ಗುಂಪಿನಲ್ಲಿ ತೋಟದ ಮೇಲುಗಡೆ, ನಾನು ಕಣದಲ್ಲಿ ಕಾಫಿ ಒಣಗಿಸುವವಳು. ಹಗಲು ಒಬ್ಬರ ಮುಖ ಒಬ್ಬರಿಗೆ ಸಿಗುತ್ತಿರಲಿಲ್ಲ. ಮಾತೆಲ್ಲ ಸಂಜೆ, ಒಲೆ ಹಚ್ಚಿದ ಮೇಲೆ.

“ದ್ಯಾವೀ.”

“ಹ್ಞೂಂ.”

“ಎಂತ ಬೇಯಿಸ್ತೀ?”

“ಹುರುಳಿ.”

“ನಿನ್ನೆಯೂ ಹುರುಳಿ.”

“ನಿನ್ನೆಯೂ ಹಸಿವಾಗಿತ್ತು.”

ಇಂಥದ್ದೇ ಮಾತು. ದೊಡ್ಡ ಮಾತು ಎಂತದೂ ಇಲ್ಲ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಂದು ಕಟ್ಟು ಸೊಪ್ಪು ಹೆಚ್ಚಿ ಮುಗಿಯುತ್ತಿತ್ತು. ಯಾರಿಗೂ ಅವಸರ ಇರಲಿಲ್ಲ. ಅವಳ ಮೂಗು ಮಾತ್ರ ಪೊಲೀಸರ ಮೂಗು. ನನ್ನ ಗಂಜಿ ತಳ ಹಿಡಿಯುವುದು ನನಗಿಂತ ಮೊದಲು ಅವಳಿಗೆ ಗೊತ್ತಾಗಿ, “ಇಳಿಸೇ, ಸೀಯ್ತು” ಅಂತ ಆಚೆಯಿಂದ ಕೂಗುವಳು.

ನನ್ನ ಗಂಡ ತೀರಿಕೊಂಡು ಕಾರ್ಯ ಎಲ್ಲ ಮುಗಿದು ನೆಂಟರು ಬಸ್ಸು ಹತ್ತಿದ ಸಂಜೆ ನಾನು ಒಲೆ ಹಚ್ಚಲಿಲ್ಲ, ಸುಮ್ಮನೆ ಕೂತಿದ್ದೆ. ಆಚೆಯಿಂದ ರುಕ್ಕಿ ಒಂದು ಸಲ ಕೆಮ್ಮಿದಳು. ಅವಳಿಗೆ ಕೆಮ್ಮು ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾನೂ ಕೆಮ್ಮಿದೆ. ಆಮೇಲೆ ಅವಳು ಸೌದೆ ಒಡ್ಡಿದ ಸದ್ದು ಕೇಳಿತು. ನಾನೂ ಎದ್ದು ಅಕ್ಕಿ ತೊಳೆದೆ. ಊರಿನವರು ಬಂದು ಹೇಳಿದ ಸಮಾಧಾನ ಒಂದೂ ಈಗ ನೆನಪಿಲ್ಲ, ಕೆಮ್ಮಿದ್ದು ನೆನಪಿದೆ.

ಎರಡು ಮಳೆಗಾಲದ ಹಿಂದೆ ರುಕ್ಕಿ ನಲ್ಲಿ ಹತ್ತಿರ ಪಾಚಿಗೆ ಜಾರಿ ಬಿದ್ದಳು. ಸೊಂಟದ ಮೂಳೆ ಹೋಯಿತು. ಅವಳ ಮಗಳು ಶೋಭಾ ಎನ್ನಾರ್ ಪುರದಲ್ಲಿ ಬಟ್ಟೆ ಹೊಲಿಯುವವಳು. ಗಾಡಿ ಮಾಡಿಕೊಂಡು ಬಂದು ತಾಯಿಯನ್ನು ಕರಕೊಂಡು ಹೋದಳು. ಒಳ್ಳೆಯ ಮಗಳು, ಅವಳ ಮೇಲೆ ಹೇಳುವಂಥದ್ದು ಎಂತದೂ ಇಲ್ಲ. ಹೋಗುವಾಗ ರುಕ್ಕಿ ಗಾಡಿಯಲ್ಲಿ ಮಲಗಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಎದುರೆದುರು ಏನು ಹೇಳಬೇಕು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. “ಒಲೆ ಮೇಲೆ ಅಟ್ಟದಲ್ಲಿ ಒಣಸೌದೆ ಇದೆ, ತಕೋ” ಅಂದಳು. ತಗೊಂಡೆ.

ಆ ಮನೆಗೆ ಅಸ್ಸಾಮಿನ ಕಡೆಯ ಗಂಡ ಹೆಂಡತಿ ಬಂದರು. ಈಗ ಎಲ್ಲ ತೋಟದಲ್ಲೂ ಅವರೇ. ಪಾಪದವರು, ಕೆಲಸಕ್ಕೂ ಒಳ್ಳೆಯವರು. ಆ ಹುಡುಗಿ ನಲ್ಲಿ ಹತ್ತಿರ ಸಿಕ್ಕರೆ ನಗುತ್ತಾಳೆ, ನಾನೂ ಇರುವ ನಾಲ್ಕು ಹಲ್ಲು ತೋರಿಸುತ್ತೇನೆ. ಅಲ್ಲಿಗೆ ಇಬ್ಬರ ಭಾಷೆಯೂ ಮುಗಿಯಿತು. ಸಂಜೆಯಾದರೆ ಗೋಡೆ ಆಚೆ ಅವರ ಮಾತು ಶುರು, ಅವರಲ್ಲಿ ಅವರು, ಇಲ್ಲದಿದ್ದರೆ ಫೋನಿನಲ್ಲಿ ಊರಿನವರ ಹತ್ತಿರ. ಗೋಡೆ ಆಚೆ ಮಾತೇ ಇಲ್ಲದಿದ್ದರೆ ಹೇಗೋ ಇರಬಹುದು. ಮಾತಿದ್ದು, ಅದರಲ್ಲಿ ನನ್ನ ಹೆಸರು ಬರದಿದ್ದರೆ ಅದು ಕಷ್ಟ. ಆ ದಿನಗಳಲ್ಲಿ ನಾನು ಕತ್ತಲಾಗುವ ಮೊದಲೇ ಉಂಡು ಮಲಗುತ್ತಿದ್ದೆ. ನನಗೆ ನಿದ್ದೆ ಬರುತ್ತಿತ್ತು ಅಂತಲ್ಲ.

ಒಂದು ದಿನ ಬಸ್ಸಿಗೆ ಎನ್ನಾರ್ ಪುರಕ್ಕೆ ಹೋದೆ. ಶೋಭಾಳದ್ದು ತಾರಸಿ ಮನೆ. ಗೋಡೆ ಎಲ್ಲ ಮೇಲಿನವರೆಗೆ ಮುಟ್ಟಿದೆ, ಒಳಗೆ ಮಾತಾಡಿದ್ದು ಒಳಗೇ ಉಳಿಯುತ್ತದೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಎದುರಿಗೆ ಮಂಚದ ಮೇಲೆ ರುಕ್ಕಿ, ತಲೆ ಬಾಚಿಸಿಕೊಂಡು.

“ಬಂದ್ಯಾ.”

“ಬಂದೆ.”

“ಬಸ್ಸು ರಶ್ಶಾ?”

“ಸೀಟು ಸಿಕ್ತು.”

ಆಮೇಲೆ ಇಬ್ಬರೂ ಫ್ಯಾನು ನೋಡಿದೆವು. ಅವಳ ಗಲ್ಲದ ಅಡಿಗೆ ಒಂದು ಮಚ್ಚೆ ಇತ್ತು. ಇಷ್ಟು ವರ್ಷ ಅದನ್ನು ನಾನು ಸರಿಯಾಗಿ ನೋಡಿರಲಿಲ್ಲ. ಅವಳೂ ನನ್ನ ಮುಖವನ್ನು ಹೊಸ ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದಳು. ಶೋಭಾ ಉಪ್ಪಿಟ್ಟು ಕೊಟ್ಟಳು. ತಿಂದೆ. ಗೋಡಂಬಿ ಹಾಕಿದ್ದಳು. ಇನ್ನೊಂದು ಸಲ ಹೋದಾಗಲೂ ಹೀಗೇ ಆಯಿತು, ಉಪ್ಪಿಟ್ಟಿನ ಬದಲಿಗೆ ಶಾವಿಗೆ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನಮ್ಮಿಬ್ಬರ ಮಾತು ಮುಗಿಯಿತು ಅಂದುಕೊಂಡೆ. ಎಣ್ಣೆ ಇದ್ದು ಬತ್ತಿ ಮುಗಿಯುವುದಿಲ್ಲವಾ, ಹಾಗೆ. ಮತ್ತೆ ಹೋಗಲಿಲ್ಲ.

ಟಿವಿ ಹಾಕಿಸಿಕೋ ಅಂದರು ಕೆಲವರು. ನಾನು ಟಿವಿ ಕಂಡವಳೇ. ಮೊದಲು ನಮ್ಮ ಲೈನಿಗೆಲ್ಲ ಇದ್ದದ್ದು ತೋಟದ ಲೆಕ್ಕ ಬರೆಯುವ ರೈಟರ ಮನೆಯ ರೇಡಿಯೋ ಒಂದೇ. ಅವರ ಜಗಲಿ ಕೆಳಗೆ ಕೂತು ಕೇಳುತ್ತಿದ್ದೆವು, ಅವರಿಗೆ ಸಿಟ್ಟು ಬಂದ ದಿನ ದನಿ ತಗ್ಗಿಸುತ್ತಿದ್ದರು. ಆಮೇಲೆ ಅವರಲ್ಲೇ ಟಿವಿ ಬಂತು, ಆಗ ಬಾಗಿಲೇ ಹಾಕಿಕೊಂಡರು. ಟಿವಿಯವರು ಒಂದೇ ಸಮ ಮಾತಾಡುತ್ತಾರೆ, ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಎಂತ ಬೇಯಿಸ್ತೀ ಅಂತ ಒಬ್ಬರೂ ಕೇಳುವುದಿಲ್ಲ. ಕೇಳಿದರೂ ಉತ್ತರಕ್ಕೆ ಕಾಯುವುದಿಲ್ಲ.

ಫೋನು ಇತ್ತು, ಗುಂಡಿ ಒತ್ತುವಂಥದ್ದು. ಫೋನು ಅಂದರೆ ಸುದ್ದಿ ಇದ್ದರೆ ಮಾಡುವುದು, ಸುದ್ದಿ ಮುಗಿದರೆ ಇಡುವುದು. ನಮಗೆ ಸುದ್ದಿ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಕಿವಿಗೆ ಹಿಡಿದರೆ ಒಂದು ಕೈ ಹೋಯಿತು. ಒಂದು ಕೈಯಲ್ಲಿ ಸೊಪ್ಪು ಹೆಚ್ಚುವವಳು ಇನ್ನೂ ಹುಟ್ಟಿಲ್ಲ.

ಶೋಭಾ ಒಂದು ದಿನ ಅದೇ ಫೋನಿಗೆ ಮಾಡಿ, “ದ್ಯಾವಮ್ಮಾ, ನಮ್ಮಲ್ಲಿ ಮಗಳ ಪಾಠಕ್ಕೆ ತಂದ ಟ್ಯಾಬು ಒಂದಿದೆ, ಅಮ್ಮನ ಹತ್ತಿರ ಇಡ್ತೀನಿ. ನೀವೂ ಒಂದು ತಗೊಳ್ಳಿ. ಮುಖ ನೋಡಿಕೊಂಡು ಮಾತಾಡಬಹುದು. ಅಮ್ಮ ಮಾತೇ ಬಿಟ್ಟಿದ್ದಾಳೆ. ಗೋಡೆ ಕಡೆ ತಿರುಗಿ ಮಲಗ್ತಾಳೆ” ಅಂದಳು.

ಮುಖ ನೋಡಿಕೊಂಡು ಅನ್ನುವ ಮಾತು ಕೇಳಿದಾಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅವಳು ಮಾತು ಬಿಟ್ಟಿದ್ದಾಳೆ ಅನ್ನುವುದೇ ತಲೆಯಲ್ಲಿ ಕೂತಿತು.

ನನ್ನ ತಂಗಿ ಮಗಳು ಸುಮಿತ್ರಾ ಶೃಂಗೇರಿ ಕಡೆ ಬೇಗಾರಿನಲ್ಲಿ ಅಂಗನವಾಡಿ ಟೀಚರು. ಅವಳನ್ನು ಕರಕೊಂಡು ಕೊಪ್ಪದ ಅಂಗಡಿಗೆ ಹೋದೆ. ಅಂಗಡಿಯಲ್ಲಿ ಒಬ್ಬಳು ಹುಡುಗಿ, ಚುರುಕು. ಎರಡು ಟ್ಯಾಬು ತಂದು ಮುಂದೆ ಇಟ್ಟಳು. ಎರಡೂ ಒಂದೇ ಥರ, ಮಣೆ ಹಾಗೆ ಚಪ್ಪಟೆ. ನಾನು ಒಂದನ್ನು ಎತ್ತಿ ಬೆರಳ ಗಂಟಿನಲ್ಲಿ ಕುಟ್ಟಿ ನೋಡಿದೆ.

“ಅದು ಹಲಸಿನಕಾಯಿ ಅಲ್ಲ ದೊಡ್ಡಮ್ಮಾ” ಅಂದಳು ಸುಮಿತ್ರಾ.

“ಒಳಗೆ ಎಂತ ಇದೆ ಅಂತ ಗೊತ್ತಿಲ್ಲದ್ದೆಲ್ಲ ಹಲಸಿನಕಾಯಿಯೇ.”

ಅಂಗಡಿ ಹುಡುಗಿ ನಕ್ಕು, “ಅಜ್ಜೀ, ಇದು ಕಮ್ಮಿ ರೇಟು, ಆದರೆ ಬರೀ ವೈಫೈದು. ಸಿಮ್ ಹಾಕಲಿಕ್ಕಾಗಲ್ಲ. ಇದಕ್ಕೆ ಸ್ವಲ್ಪ ಜಾಸ್ತಿ, ಸಿಮ್ ಹಾಕಬಹುದು” ಅಂದಳು.

“ವೈಫೈ ಅಂದರೆ?”

“ಮನೆಗೆ ವೈರು ಬಂದಿರ್ಬೇಕು.”

“ಮನೆಗೆ ಕರೆಂಟಿನ ವೈರು ಬಂದದ್ದೇ ನನ್ನ ಮಗ ಹುಟ್ಟಿ ಸತ್ತ ಮೇಲೆ. ಸಿಮ್ಮಿನದೇ ಕೊಡು.”

ಅವಳು ನಗುವುದು ನಿಲ್ಲಿಸಿದಳು. ನಾನು ನಗಿಸಲಿಕ್ಕೂ ಹೇಳಿದ್ದಲ್ಲ, ಅಳಿಸಲಿಕ್ಕೂ ಅಲ್ಲ. ಯಾವಾಗ ಬಂತು ಅಂತ ಹೇಳಿದೆ.

ಆಮೇಲೆ ಅದರಲ್ಲಿ ಸಿನಿಮಾ ಹೇಗೆ ಕಾಣುತ್ತದೆ, ಹಾಡು ಹೇಗೆ ಕೇಳುತ್ತದೆ ಅಂತ ತೋರಿಸಿದಳು. ಕೆಂಪು ಹೂವು ಒಂದು ದೊಡ್ಡದಾಗಿ ಅರಳಿ ತೋರಿತು. ದನಿ ಅಂಗಡಿ ತುಂಬ ಕೇಳಿಸಿತು, ಅದು ನನಗೆ ಹಿಡಿಸಿತು. ಚಾರ್ಜು ಒಂದು ದಿನ ಬರುತ್ತದೆ ಅಂದಳು. ನಮ್ಮಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಒಂದು ದಿನಕ್ಕೆ ವಾಪಸು ಬರುವ ಜಾತಿಯದ್ದಲ್ಲ, ಇರಲಿ.

“ಒಂದೇ ವಿಷಯ ಅಜ್ಜೀ, ಮುಂದಿನ ಕ್ಯಾಮರಾ ಅಷ್ಟು ಚೆನ್ನಾಗಿಲ್ಲ. ಈ ರೇಟಿಗೆ ಇಷ್ಟೇ, ಮುಖ ಸ್ವಲ್ಪ ಮಂಕು ಬರ್ತದೆ.”

“ನನ್ನ ಮುಖವೇ ಅಷ್ಟು ಚೆನ್ನಾಗಿಲ್ಲ ಮಾರಾಯ್ತಿ. ಮಂಕಾದರೆ ಲಾಭ.”

ತಂದೆವು. ಸುಮಿತ್ರಾ ಅದನ್ನು ಒಲೆ ಎದುರು ಡಬ್ಬಿಗೆ ಒರಗಿಸಿ ಇಟ್ಟು, ರುಕ್ಕಿಯ ಚಿತ್ರ ಒತ್ತಿದರೆ ಕರೆ ಹೋಗುವ ಹಾಗೆ ಮಾಡಿಕೊಟ್ಟು ಹೋದಳು. ಸಂಜೆ ಒತ್ತಿದೆ. ರುಕ್ಕಿಯ ಮುಖ ಬಂತು, ಅನ್ನ ಬಸಿಯುವ ಮರಿಗೆಯಷ್ಟು ಅಗಲ. ಮೂಗಿನ ಹೊಳ್ಳೆ, ಮಚ್ಚೆ, ಹಿಂದೆ ಮಂಚದ ಮೇಲೆ ಒಣಗಿಸಿದ ಲಂಗ. ನನಗೆ ಸ್ಟೂಲು ಹಾಕಿ ಇಣುಕಿದ ಹಾಗಾಯಿತು. ಅವಳಿಗೂ ಹಾಗೇ ಆಗಿರಬೇಕು, ಸೆರಗು ಎಳೆದುಕೊಂಡು ನೆಟ್ಟಗೆ ಕೂತಳು, ಫೋಟೋ ತೆಗೆಸಲಿಕ್ಕೆ ಕೂತ ಹಾಗೆ.

“ಬಂದ್ಯಾ” ಅಂದಳು.

ನಾನು ಎಲ್ಲಿಗೂ ಹೋಗಿರಲಿಲ್ಲ. “ಬಂದೆ” ಅಂದೆ.

ಆಮೇಲೆ ಚಿತ್ರ ನಿಂತುಹೋಯಿತು, ಅವಳ ಬಾಯಿ ಅರ್ಧ ತೆರೆದದ್ದು ಹಾಗೇ. ನಮ್ಮ ಮನೆ ಒಳಗೆ ಸಿಗ್ನಲ್ಲು ಬೆಕ್ಕಿನ ಜಾತಿ, ಕರೆದರೆ ಬರುವುದಿಲ್ಲ. ಆ ತೆರೆದ ಬಾಯಿ ನೋಡುತ್ತ ಸುಮ್ಮನೆ ಕೂತೆ. ಒಲೆಯೂ ಆರಿತು.

ಹೀಗೆ ಕೆಲವು ಸಂಜೆ ಕಳೆಯಿತು. ಮುಖ ಬರುವುದು, ನಾವಿಬ್ಬರೂ ಸೆರಗು ಸರಿಮಾಡಿಕೊಳ್ಳುವುದು, ಊಟ ಆಯ್ತಾ ಅಂತ ಕೇಳುವುದು, ಚಿತ್ರ ನಿಲ್ಲುವುದು. ಅಡುಗೆ ಮಾಡುತ್ತ ಮಾತಾಡೋಣ ಅಂದರೆ ನಾನು ಪಕ್ಕಕ್ಕೆ ಸರಿದ ಕೂಡಲೇ, “ಎಲ್ಲಿ ಹೋದೆ, ಕಾಣ್ತಿಲ್ಲ” ಅನ್ನುವಳು. ಡಾಟಾ ಬೇರೆ ನೀರು ಕುಡಿದ ಹಾಗೆ ಖಾಲಿ. ಕಡೆಗೆ ಅವಳೂ ಮಾಡುವುದು ಬಿಟ್ಟಳು, ನಾನೂ ಬಿಟ್ಟೆ. ಬಸ್ಸಿನಲ್ಲಿ ಅಂದುಕೊಂಡದ್ದು ನಿಜ ಅನ್ನಿಸಿತು. ಮುಖ ಸಿಕ್ಕಿತ್ತು, ರುಕ್ಕಿ ಸಿಕ್ಕಿರಲಿಲ್ಲ. ಸುಮಿತ್ರಾಳಿಗೆ ಫೋನು ಮಾಡಿ, “ಇದು ನನಗೆ ಆಗಿಬರೋದಿಲ್ಲ, ನಿನ್ನ ಅಂಗನವಾಡಿಗೆ ತಗೊಂಡು ಹೋಗು” ಅಂದೆ. ಪೆಟ್ಟಿಗೆಗೆ ಹಾಕಿಯೂ ಇಟ್ಟೆ. ಅದನ್ನು ಕೊಟ್ಟರೆ ಟ್ಯಾಬೊಂದೇ ಹೋಗುವುದಲ್ಲ ಅಂತ ನನಗೆ ಗೊತ್ತಿತ್ತು. ಮತ್ತೆ ರುಕ್ಕಿ ಹತ್ತಿರ ಮಾತಾಡಲಿಕ್ಕೆ ಇನ್ನೊಂದು ದಾರಿ ಇರಲಿಲ್ಲ.

ಸುಮಿತ್ರಾ ಭಾನುವಾರ ಬಂದಳು. “ತಗೊಂಡು ಹೋಗೋ ಮೊದಲು ಸಿಗ್ನಲ್ಲು ಎಲ್ಲಿ ಸಿಗ್ತದೆ ಒಂದ್ಸಲ ನೋಡ್ತೀನಿ ಇರಿ” ಅಂತ ಟ್ಯಾಬನ್ನು ಮಂಗಳಾರತಿ ತಟ್ಟೆ ಹಾಗೆ ಹಿಡಿದುಕೊಂಡು ಮನೆಯೆಲ್ಲ ಸುತ್ತಿದಳು. ಕಿಟಕಿಯಲ್ಲಿ ಇಲ್ಲ, ಬಾಗಿಲಲ್ಲಿ ಇಲ್ಲ. ಕಡೆಗೆ ಸ್ಟೂಲು ಹತ್ತಿದಳು.

“ಇಣುಕಬೇಡ” ಅಂದೆ.

“ಯಾರು ಇಣುಕ್ತಾರೆ? ಇಲ್ಲಿ ನೋಡಿ ದೊಡ್ಡಮ್ಮಾ, ಗೋಡೆ ಮೇಲೆ ಪೂರ್ತಿ ಬರ್ತಿದೆ. ಅವರ ಫೋನೂ ಆಚೆ ಬದಿ ಇಲ್ಲೇ ಇಟ್ಟಿದ್ದಾರೆ.”

ಅಲ್ಲೇ ಅಂಗಾತ ಮಲಗಿಸಿ, ರುಕ್ಕಿಗೆ ಕರೆ ಒತ್ತಿ, ಇಳಿದು ಹಿತ್ತಲಿಗೆ ಬಟ್ಟೆ ಒಗೆಯಲಿಕ್ಕೆ ಹೋದಳು. ನಾನು ಕೆಳಗೆ ಈಳಿಗೆಮಣೆ ಮೇಲೆ ಕೂತು ಕೆಸುವಿನ ದಂಟು ಹೆಚ್ಚುತ್ತಿದ್ದೆ. ಕೈಗೆ ಎಣ್ಣೆ ಹಚ್ಚಿಕೊಂಡಿದ್ದೆ, ಏಳುವ ಹಾಗಿರಲಿಲ್ಲ. ಮೇಲಿಂದ ದನಿ ಬಂತು.

“ಎಲ್ಲಿದ್ದೀ? ಬರೀ ಹೆಂಚು ಕಾಣ್ತದೆ.”

“ಇಲ್ಲೇ ಕೆಳಗೆ.”

ನಾನು ಇನ್ನೊಂದು ಹಿಡಿ ಎಳೆದುಕೊಂಡೆ. ದಂಟು ಹೆಚ್ಚುತ್ತಿದ್ದೆ.

“ದ್ಯಾವೀ.”

“ಹ್ಞೂಂ.”

“ಎಂತ ಹೆಚ್ಚುತಿದ್ದೀ?”

“ಕೆಸು.”

“ಹುಳಿ ಜಾಸ್ತಿ ಹಾಕು. ಗಂಟಲು ಕೆರೀತದೆ.”

“ನೀನು ಹೇಳಿಕೊಡೋದೇನು ಬೇಡ.”

“ಆವತ್ತು ನಿನ್ನ ಕೆಸು ತಿಂದು ನನ್ನ ಗಂಡ ಎರಡು ದಿನ ಬೈಲಿಕ್ಕೆ ಬಾಯಿ ಬರದೆ ಕೂತಿದ್ದ.”

“ಅದಕ್ಕೆ ನೀನು ಇನ್ನೂ ಒಂದು ಬಟ್ಟಲು ಕೇಳಿದ್ದೆ.”

ಆಮೇಲೆ ಅವಳು ನಕ್ಕಳು. ಗೋಡೆ ಆಚೆಯಿಂದ ನಕ್ಕ ಹಾಗೇ, ಮೇಲಿಂದ, ಹೆಂಚಿಗೆ ಬಡಿದು ಬಂದ ನಗು. ನಾನು ಕೆಸು ಹೆಚ್ಚಿ ಮುಗಿಸಿದೆ. ಬೇಯಿಸಿದೆ. ಒಗ್ಗರಣೆ ಚಟಪಟ ಅಂದಾಗ ಅವಳು “ಬೆಳ್ಳುಳ್ಳಿ ಕಮ್ಮಿ” ಅಂದಳು, ಸದ್ದು ಕೇಳಿಯೇ. ಸುಮಿತ್ರಾ ಬಟ್ಟೆ ಒಗೆದು ಒಣಹಾಕಿ ಬರುವಾಗಲೂ ನಮ್ಮ ಮಾತು ನಡೆದಿತ್ತು. ಟ್ಯಾಬು ತಗೊಂಡು ಹೋಗುವ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಿತ್ರ ಬರುವುದನ್ನು ಮುಚ್ಚಿ, ದನಿ ಮಾತ್ರ ಇಟ್ಟುಕೊಟ್ಟಳು. ಹಾಗೆ ಮಾಡಿದರೆ ಡಾಟಾ ಕಮ್ಮಿ ತಿನ್ನುತ್ತದಂತೆ. ಅತ್ತ ರುಕ್ಕಿಯೂ ಶೋಭಾಳಿಗೆ ಹೇಳಿ ತನ್ನ ಟ್ಯಾಬನ್ನು ಬೀರು ಮೇಲೆ ಇಡಿಸಿದಳು. “ಕೈಯಲ್ಲಿ ಹಿಡ್ಕೊಂಡು ಮಾತಾಡಮ್ಮ” ಅಂದದ್ದಕ್ಕೆ, “ಮಾತು ಮೇಲಿಂದ ಬರಬೇಕು” ಅಂದಳಂತೆ.

ಹಾಗಾಗಿ ಟ್ಯಾಬು ತಗೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಬಣ್ಣಕ್ಕೆ ದುಡ್ಡು ಕೊಡಬೇಡಿ, ನಮಗೆ ಬಣ್ಣ ಬೇಕಾಗಲಿಲ್ಲ. ಕ್ಯಾಮರಾ ಮಂಕಿದ್ದರೂ ನಡೆಯುತ್ತದೆ, ಹೆಂಚು ಹೇಗಿದ್ದರೂ ಹೆಂಚೇ. ದನಿ ಮಾತ್ರ ಗಟ್ಟಿ ಇರಬೇಕು, ನೀವು ಹಿತ್ತಲಿಗೆ ಹೋದರೂ ಕೇಳಬೇಕು. ಸಿಮ್ಮಿನದೇ ತಗೊಳ್ಳಿ. ಎಲ್ಲಿಡುತ್ತೀರಿ ಅಂತ ಮೊದಲೇ ನೋಡಿಕೊಳ್ಳಿ. ಮತ್ತೆ ಅದರಲ್ಲಿ ಯಾರ ದನಿ ಬರಬೇಕು ಅಂತ ಗೊತ್ತಿಲ್ಲದಿದ್ದರೆ ಎಷ್ಟು ದುಡ್ಡು ಕೊಟ್ಟರೂ ಅದು ಮಣೆಯೇ. ನನ್ನದಕ್ಕೆ ಒಂದು ಕೊರತೆ ಇದೆ, ವಾಸನೆ ದಾಟುವುದಿಲ್ಲ. ಮೊನ್ನೆ ಗಂಜಿ ಪೂರ್ತಿ ಸೀದು ಕರಕಲಾಯಿತು, ಅವಳು ಆಚೆಯಿಂದ ಶೋಭಾಳ ಗಿರಾಕಿಯೊಬ್ಬಳ ರವಿಕೆ ವಿಷಯ ಹೇಳುತ್ತಲೇ ಇದ್ದಳು.

ಕರೆಂಟು ಹೋಗಿ ಚಾರ್ಜು ಮುಗಿದ ದಿನ ಮೊದಲಿನ ಹಾಗೇ ಇರುತ್ತದೆ. ಆವತ್ತು ಮತ್ತೆ ಬೇಗ ಮಲಗುತ್ತೇನೆ. ಇದ್ದ ದಿನಕ್ಕೂ ಇಲ್ಲದ ದಿನಕ್ಕೂ ಈಗ ವ್ಯತ್ಯಾಸ ಜಾಸ್ತಿ ತಿಳಿಯುತ್ತದೆ, ಅದೂ ಒಂದು ಖರ್ಚೇ.

ಕಳೆದ ವಾರ ಸಂಜೆ ರುಕ್ಕಿ ಇದ್ದಕ್ಕಿದ್ದ ಹಾಗೆ, “ಅದು ಯಾರು ಮಾತಾಡೋದು?” ಅಂದಳು. ಆಚೆಮನೆ ಹುಡುಗಿ ಗೋಡೆ ಮೇಲಿನ ತನ್ನ ಫೋನಿನಲ್ಲಿ ಅವಳ ತಾಯಿ ಹತ್ತಿರ ಮಾತಾಡುತ್ತಿದ್ದಳು. ತಾಯಿಯೇ ಅಂತ ನನ್ನ ಅಂದಾಜು, ಅಷ್ಟೊಂದು ಬೈಯುವವರು ಬೇರೆ ಯಾರು ಇರುತ್ತಾರೆ.

“ನಿನ್ನ ಮನೇಲಿ ಇರೋಳು” ಅಂದೆ.

ರುಕ್ಕಿ ಕೇಳಿದಳು, “ನನ್ನ ಒಲೆ ಇದೆಯಾ, ಒಡೆದು ಹಾಕಿದ್ರಾ?”

“ಗೊತ್ತಿಲ್ಲ.”

“ನೋಡು.”

“ಹ್ಯಾಂಗೆ ನೋಡೋದು?”

“ಸ್ಟೂಲು ಹಾಕು.”

ನಾನು ಕೂತಲ್ಲಿಂದ ಸ್ಟೂಲು ನೋಡಿದೆ. ಅವಳೇ, “ಬೇಡ ಬಿಡು” ಅಂದಳು. ಆಮೇಲೆ, “ನಾನು ಇನ್ನು ಬಂದು ನೋಡೋ ಹಾಗಿಲ್ಲ. ಅದಕ್ಕೆ ಕೇಳಿದೆ” ಅಂದಳು. ಅವಳು ವಾಪಸು ಬರುವುದಿಲ್ಲ ಅಂತ ನಮ್ಮಿಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಎದ್ದು ಹೋಗಿ ಅವರ ಬಾಗಿಲಲ್ಲಿ ನಿಂತು ನೋಡಿದರೆ ಆಗುತ್ತಿತ್ತಲ್ಲ ಅನ್ನುತ್ತೀರಿ. ಆಗುತ್ತಿತ್ತು. ಹೋದರೆ ಕೂರಿಸುತ್ತಾರೆ, ಟೀ ಕೊಡುತ್ತಾರೆ, ಇಬ್ಬರೂ ನಕ್ಕು ನಕ್ಕು ಬಾಯಿ ನೋಯುತ್ತದೆ. ಅದೂ ಸರಿ. ಆದರೆ ಒಡೆದು ಹಾಕಿದ್ದು ಕಣ್ಣಿಗೆ ಬಿದ್ದರೆ, ಬಂದು ಇವಳಿಗೆ ಎಂತ ಹೇಳಲಿ? ಇದೆ ಅಂತ ಸುಳ್ಳು ಹೇಳಿದರೆ ನನ್ನ ದನಿಯಲ್ಲೇ ಹಿಡಿಯುತ್ತಾಳೆ. ಅಷ್ಟು ವರ್ಷ ಬರೀ ದನಿ ಕೇಳಿದವಳು.

ಸ್ಟೂಲು ಹಾಕಲಿಲ್ಲ. ಕೈ ಎತ್ತಿ ಟ್ಯಾಬನ್ನು ಗೋಡೆಯ ಆಚೆ ಅಂಚಿನವರೆಗೆ ಮೆಲ್ಲಗೆ ತಳ್ಳಿದೆ. ಮುಖ ಹೆಂಚಿಗೇ ಇತ್ತು.

“ಸುಮ್ಮನೆ ಇರು. ಕೇಳು” ಅಂದೆ.

ಹುಡುಗಿ ಫೋನಿನ ಮಾತು ಮುಗಿಸಿದ್ದಳು. ಬಳೆ ಸದ್ದು, ಪಾತ್ರೆ ಸದ್ದು. ಆಮೇಲೆ ಸೌದೆ ಮುರಿದದ್ದು. ಬೆಂಕಿಕಡ್ಡಿ ಗೀರಿದ್ದು. ಊದುಕೊಳವೆಯಲ್ಲಿ ಉಫ್ ಉಫ್ ಅಂತ ಊದುವುದು, ಕೆಮ್ಮುವುದು, ಮತ್ತೆ ಊದುವುದು. ಹೊಗೆ ಎದ್ದು ಗೋಡೆ ದಾಟಿ ನನ್ನ ಕಡೆಗೂ ಬಂತು. ಕಡೆಗೆ ಬೆಂಕಿ ಹಿಡಿದು ಚಿಟಿಚಿಟಿ ಅಂದಿತು.

ಕರೆ ಕಟ್ಟಾಯಿತೋ ಅಂದುಕೊಂಡೆ.

“ಇದೆ” ಅಂದಳು ರುಕ್ಕಿ.

“ಹ್ಯಾಂಗೆ ಗೊತ್ತು?”

“ಓರೆ ಬಾಯಿಗೆ ಗಾಳಿ ಹೊಕ್ಕರೆ ಗುಂಯ್ ಅಂತದಲ್ಲ. ಕೇಳ್ತಿಲ್ವಾ ನಿಂಗೆ?”

ನಾನು ಉಸಿರು ಹಿಡಿದು ಕಿವಿಗೊಟ್ಟೆ. ನನಗೆ ಚಿಟಿಚಿಟಿ ಬಿಟ್ಟರೆ ಎಂತದೂ ಕೇಳಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿದ್ದೂ ಆ ಒಲೆಗೆ ಒಂದು ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

“ಹಸಿ ಸೌದೆ ಇಟ್ಟಿದ್ದಾಳೆ” ಅಂದಳು ರುಕ್ಕಿ. ದನಿ ಮೊದಲಿನ ಹಾಗೆ ಚೂಪಾಗಿತ್ತು. “ಸೊಂಯ್ ಅಂತಿದೆ ನೋಡು. ಹಸಿ ಸೌದೆ ಇಟ್ಟರೆ ಒಲೆ ಹಾಳಾಗ್ತದೆ. ಅಟ್ಟದಲ್ಲಿಟ್ಟು ಒಣಗಿಸಲಿಕ್ಕೆ ಹೇಳು ಅವಳಿಗೆ. ಹೇಳ್ತೀಯಾ?”

ಅವಳ ಅಟ್ಟದ ಒಣಸೌದೆಯಲ್ಲಿ ಒಂದು ಹಿಡಿ ಇನ್ನೂ ನನ್ನ ಹತ್ತಿರ ಇತ್ತು. ಯಾಕೋ ಉಳಿಸಿಕೊಂಡಿದ್ದೆ. ಅದನ್ನು ತೆಗೆದು, ಕೈ ಎತ್ತಿ, ಗೋಡೆ ಮೇಲೆ ಟ್ಯಾಬಿನ ಪಕ್ಕ ಇಟ್ಟು ಎರಡು ಸಲ ತಟ್ಟಿದೆ. ಆಚೆ ಊದುವುದು ನಿಂತಿತು. ಬಳೆ ಹಾಕಿದ ಒಂದು ಕೈ ಮೇಲೆ ಬಂತು, ತಡವಿತು, ಸೌದೆ ತಗೊಂಡು ಇಳಿಯಿತು. ಮುಖ ಕಾಣಲಿಲ್ಲ.

“ಹೇಳಿದ್ಯಾ?” ಅಂದಳು ರುಕ್ಕಿ.

“ಹೇಳಿದೆ.”